ದ್ವೀಪದ ಗಾಯಕಿಯ ಸಾವು

ಇಸ್ತ್ರಿ ಯಂತ್ರದ ಮುಂದೆ ನಿಂತು ಅಕ್ಕ ಹಾಡಿಕೊಳ್ಳುತ್ತಿದ್ದುದನ್ನು ರೇಡಿಯೋ ಅವಳಿಗೆ ತಿಳಿಯದಂತೆ ಫೋನಿನಲ್ಲಿ ಹಿಡಿದುಕೊಂಡ. ಮರುದಿನ ಊಟದ ಹೊತ್ತಿಗೆ ಅದನ್ನು ದೂರದ ದ್ವೀಪವೊಂದರ ಗಾಯಕಿಯ ಹಾಡು ಎಂದು ಜೊತೆಯವರಿಗೆಲ್ಲ ಕೇಳಿಸಿದ.

ರೇಡಿಯೋ ಎಂಬುದು ಅವನ ಅಡ್ಡಹೆಸರು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವನ ಕೆಲಸ ಹೊದಿಕೆ ಮಡಿಸುವುದು; ಇಸ್ತ್ರಿ ಯಂತ್ರ ನಡೆಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಲ್ಲಿ ಊಟದ ಹೊತ್ತಿಗೆ ಒಂದು ರಿವಾಜಿತ್ತು. ಮೂಲೆಯ ಕೋಣೆಯಲ್ಲಿ ಡಬ್ಬಿಗಳ ನಡುವೆ ಒಂದು ನೀಲಿ ಸ್ಪೀಕರ್ ಇಟ್ಟು, ಸರದಿಯಂತೆ ಒಬ್ಬೊಬ್ಬರು ತಮಗೆ ಇಷ್ಟವಾದ ಹಾಡು ಕೇಳಿಸಬೇಕು. ಯಾರೂ ಕೇಳಿರದ ಹಾಡು ತಂದವರಿಗೆ ಫ್ಯಾನಿನ ಕೆಳಗಿನ ಕುರ್ಚಿ. ಹಬೆಯಲ್ಲಿ ಬೆಂದು ಬಂದವರಿಗೆ ಆ ಕುರ್ಚಿ ಸಿಂಹಾಸನ, ಏಕೆಂದರೆ ಆಡಳಿತದವರು ಇಡೀ ಕೋಣೆಗೆ ದಯಪಾಲಿಸಿದ್ದು ಅದೊಂದೇ ಫ್ಯಾನು.

ಆ ಸಿಂಹಾಸನವನ್ನು ವ್ಯಾನ್ ಡ್ರೈವರ್ ತಿಂಗಳುಗಟ್ಟಲೆ ಬಿಟ್ಟುಕೊಟ್ಟಿರಲಿಲ್ಲ. ರೇಡಿಯೋ ರಾತ್ರಿಯೆಲ್ಲ ಹುಡುಕಿ ಹೊಸ ಗಾಯಕನೊಬ್ಬನನ್ನು ಹಿಡಿದು ತಂದರೆ, ಡ್ರೈವರ್ ಎರಡು ಸಾಲು ಕೇಳಿ, ಹಲ್ಲಿನ ಸಂದಿಯ ತುಣುಕು ತೆಗೆಯುತ್ತ, "ಇದು ಹಳೇದಲ್ವೇನೋ? ನಮ್ಮತ್ತೆ ಫೋನಿನ ರಿಂಗ್‌ಟೋನು ಇದೇ" ಎನ್ನುತ್ತಿದ್ದ. ಹೆಸರಿಗೆ ರೇಡಿಯೋ ಆಗಿದ್ದುಕೊಂಡು ಯಾರದೋ ಅತ್ತೆಗಿಂತ ಹಿಂದೆ ಬೀಳುವುದೆಂದರೆ ಗಂಡಸಿಗೆ ಕಡಿಮೆ ಅವಮಾನವೇ?

ಹೀಗಾಗಿ ಆ ಕೆಲಸ ಮಾಡಿದ. ಅಕ್ಕನ ಹಾಡು ಅವಳೇ ಕಟ್ಟಿಕೊಂಡದ್ದು. 'ಹೊರಗೆ ಗಾಳಿ ಕಾದು ನಿಂತಿದೆ, ಒಳಗೆ ಬರಲು ಅಪ್ಪಣೆ ಇಲ್ಲ' ಎಂದು ಶುರುವಾಗುತ್ತಿತ್ತು. ಮನೆಗೆ ಹೋಗಿ ಕೇಳಿದಾಗ ರೇಡಿಯೋನ ಮೈ ಜುಮ್ಮೆಂದದ್ದು ಸುಳ್ಳಲ್ಲ. ಕೊನೆಯಲ್ಲಿ ದ್ವೀಪಕ್ಕೆ ಹೊಂದದ ಸದ್ದೊಂದಿತ್ತು. ಅದನ್ನು ಕತ್ತರಿಸಿ ಇನ್ನೊಂದು ಪ್ರತಿ ಮಾಡಿಕೊಂಡ. ಯಂತ್ರದಿಂದ ಹಬೆ ನುಗ್ಗುವ ಸದ್ದನ್ನು ಮಾತ್ರ ತೆಗೆಯಲಾಗಲಿಲ್ಲ. ಅದು ಅಲೆಯ ಸದ್ದಿನಂತಿತ್ತು. ದ್ವೀಪ ಹುಟ್ಟಿದ್ದೇ ಅಲ್ಲಿಂದ.

ಊಟದ ಹೊತ್ತಿಗೆ ಸ್ಪೀಕರ್ ಹಾಡಿತು. ಅಗಿಯುತ್ತಿದ್ದ ಬಾಯಿಗಳು ನಿಂತವು. ಕೊಳೆ ಬಟ್ಟೆ ವಿಂಗಡಿಸುವ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಡ್ರೈವರ್ ಬಾಯಿಗಿಟ್ಟ ಕಡ್ಡಿಯನ್ನು ಅಲ್ಲೇ ಮರೆತ.

"ಸಮುದ್ರ ಕೇಳಿಸ್ತಾ ಇದೆ ನೋಡಿ, ಎಷ್ಟು ಹತ್ರ ಇದೆ" ಎಂದಳು ಅಜ್ಜಿ.

ಗೋಡೆಯಾಚೆ ಯಂತ್ರ 'ಹುಶ್' ಎಂದಿತು. ಆ ಸಮುದ್ರದ ದಡದಲ್ಲೇ ಅವಳು ಹತ್ತು ವರ್ಷದಿಂದ ಬಟ್ಟೆ ವಿಂಗಡಿಸುತ್ತಿದ್ದಳು.

ಡ್ರೈವರ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ರೇಡಿಯೋ ಕುಳಿತ. ಫ್ಯಾನಿನ ಗಾಳಿ ನೆತ್ತಿಗೆ ತಾಗಿತು. ಅದೇ ಗಳಿಗೆಗೆ ಅಕ್ಕ ತನ್ನ ಡಬ್ಬಿ ಹಿಡಿದು ಒಳಗೆ ಬಂದಳು. ಆ ಗಾಳಿ ಅವನಿಗೆ ಒಲೆಯ ಬಾಯಿಂದ ಬಂದಂತಾಯಿತು.

ಅಕ್ಕ ಬಾಗಿಲ ಬಳಿ ನಿಂತೇ ಎರಡನೇ ಸಲ ಹಾಕಿದ ಹಾಡನ್ನು ಪೂರ್ತಿ ಕೇಳಿದಳು. "ಚೆನ್ನಾಗಿ ಹಾಡ್ತಾಳೆ. ಯಾರಪ್ಪಾ ಇವಳು?"

ಯಾರಿಗೂ ಅವರವರ ದನಿಯೇ ಗುರುತು ಹತ್ತುವುದಿಲ್ಲವೆಂದು ರೇಡಿಯೋ ಎಲ್ಲೋ ಕೇಳಿದ್ದ. ಆ ನಂಬಿಕೆಯ ಬಾಲ ಹಿಡಿದು, ಅವಳ ಮುಖ ನೋಡದೆ, ಗಾಯಕಿ ದ್ವೀಪದಲ್ಲಿ ಒಂಟಿಯಾಗಿರುವುದನ್ನೂ, ಮೇಕೆಗಳಿಗೆ ಮಾತ್ರ ಹಾಡುವುದನ್ನೂ ವಿವರಿಸಿದ. ಅಕ್ಕ ತಲೆಯಾಡಿಸಿ ನೆಲದ ಮೇಲೆ ಕುಳಿತು ಡಬ್ಬಿ ಬಿಚ್ಚಿದಳು.

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಗೋಡೆಯ ಮೇಲೆ ಹಲಗೆಯೊಂದು ನೇತಾಡುತ್ತಿತ್ತು: 'ಕೆಲಸದ ವೇಳೆ ಹಾಡುವಂತಿಲ್ಲ.' ಸೂಪರ್‌ವೈಸರ್ ಬರೆಸಿ ಹಾಕಿದ್ದು. ಮೂರನೇ ಸಲ ಸಿಕ್ಕಿಬಿದ್ದವರಿಗೆ ಮನೆಯ ದಾರಿ. ಅಕ್ಕ ಎರಡು ಸಲ ಬೈಸಿಕೊಂಡಾಗಿತ್ತು. ಹಾಡು ಅವಳದೆಂದರೆ ಕೆಲಸದ ಹೊತ್ತಿನಲ್ಲಿ ಹಾಡಿದ್ದಕ್ಕೆ ಸಾಕ್ಷಿ ಒದಗಿಸಿದ ಹಾಗೆ. ತನ್ನ ಬಾಯಿ ಮುಚ್ಚಿಸಿದ್ದು ಈ ಕರುಣೆಯೋ ಆ ಕುರ್ಚಿಯೋ ಎಂದು ರೇಡಿಯೋ ತನ್ನನ್ನೇ ಕೇಳಿಕೊಂಡ. ಉತ್ತರ ಬರುವ ಮೊದಲೇ ಎರಡು ತುತ್ತು ನುಂಗಿದ.

ಅಷ್ಟರಲ್ಲಿ ಡ್ರೈವರ್ ತನ್ನ ಅಭಿಮಾನವನ್ನು ಗೇರಿಗೆ ಹಾಕಿದ್ದ. ಬಂದರಿನ ಕಡೆ ಗಾಡಿ ಓಡಿಸುವ ಗೆಳೆಯನೊಬ್ಬ ಇದ್ದಾನೆ, ದೋಣಿ ಹಿಡಿದು ಎಲ್ಲರೂ ಹೋಗಿ ಅವಳನ್ನು ನೋಡಿ ಬರೋಣ ಎಂದ. ಅಜ್ಜಿ ಅದಕ್ಕೂ ಮುಂದೆ ಹೋಗಿ, ಅವಳ ನಂಬರ್ ಕೊಟ್ಟರೆ ಈಗಲೇ ಎರಡು ಮಾತಾಡುತ್ತೇನೆಂದು ಕೈ ಚಾಚಿದಳು. ದ್ವೀಪದ ಹೆಸರೇನು, ಯಾವ ದಿಕ್ಕು, ದೋಣಿ ಎಷ್ಟು ಹೊತ್ತಿಗೆ? ಪ್ರಶ್ನೆಗಳು ಬಟ್ಟೆ ಹಿಂಡುವ ಯಂತ್ರದಂತೆ ಅವನನ್ನು ಗಿರಗಿರ ತಿರುಗಿಸಿದವು.

"ಅವಳು ತೀರ್ಕೊಂಡಳು" ಎಂದುಬಿಟ್ಟ ರೇಡಿಯೋ.

ಅಜ್ಜಿಯ ಚಾಚಿದ ಕೈ ಸೆರಗಿಗೆ ಹೋಯಿತು.

"ಮೂರನೇ ಸಾಲಲ್ಲಿ ಕೆಮ್ಮಿದಾಳೆ" ಎಂದ ಡ್ರೈವರ್ ಗದ್ಗದಿತನಾಗಿ. "ಆಗಲೇ ಅನ್ನಿಸ್ತು ನಂಗೆ, ಈ ಎದೆಯಲ್ಲಿ ಏನೋ ಸರಿಯಿಲ್ಲ ಅಂತ. ಯಾರಾದ್ರೂ ಡಾಕ್ಟರಿಗೆ ತೋರಿಸಬಾರದಿತ್ತಾ?"

ನೆಲದ ಮೇಲೆ ಕುಳಿತಿದ್ದ ಅಕ್ಕ ಕೆಮ್ಮಿದಳು. ಹಬೆ ಕುಡಿದು ಕುಡಿದು ಬಂದ ಕೆಮ್ಮು. ದ್ವೀಪದ ಕೆಮ್ಮಿಗೆ ಕಣ್ಣೀರಿಡುತ್ತಿದ್ದ ಒಬ್ಬರೂ ಇತ್ತ ತಿರುಗಲಿಲ್ಲ. ಒಬ್ಬನನ್ನು ಬಿಟ್ಟು. ಆ ಒಬ್ಬ ತನ್ನ ಡಬ್ಬಿ ಮುಚ್ಚಿಟ್ಟ.

ಅಜ್ಜಿಯ ಸಲಹೆಯಂತೆ ಎಲ್ಲರೂ ಎದ್ದು ಮೌನವಾಗಿ ನಿಂತರು. ಅಕ್ಕನೂ ಎದ್ದಳು. ತನ್ನದೇ ಸಾವಿಗೆ ತಲೆ ತಗ್ಗಿಸಿ, ಎಂಜಲು ಕೈಯನ್ನು ಬೆನ್ನ ಹಿಂದೆ ಹಿಡಿದು, ಎಲ್ಲರಿಗಿಂತ ಶಿಸ್ತಾಗಿ ನಿಂತಳು. ಮೌನ ಮುಗಿದ ಮೇಲೆ ರೇಡಿಯೋನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮಕ್ಕಳು ಇದ್ವಾ ಅವಳಿಗೆ?"

ತಲೆಯಲ್ಲಿ ಬೇರೇನೂ ಹೊಳೆಯದೆ ಅಕ್ಕನಿಗೆ ಇದ್ದದ್ದೇ ಬಾಯಿಗೆ ಬಂತು. "ಒಬ್ಬಳು ಮಗಳು."

"ಅಯ್ಯೋ. ಶಾಲೆಗೆ ಹೋಗೋ ಮಗು ಇರ್ಬೇಕು" ಎಂದಳು ಅಕ್ಕ. "ಇನ್ನು ಅದಕ್ಕೆ ಜಡೆ ಹಾಕೋರು ಯಾರಪ್ಪಾ?"

ರೇಡಿಯೋ ಭೂಮಿ ಬಾಯಿಬಿಡಲೆಂದು ಕಾದ. ಬಾಯಿಬಿಟ್ಟದ್ದು ಬಾಗಿಲು. ಅಳು ಕೇಳಿ ಸೂಪರ್‌ವೈಸರ್ ಬಂದಿದ್ದ. ವಿಷಯ ತಿಳಿದು ತಾನೂ ಹಾಡು ಹಾಕಿಸಿಕೊಂಡು ಕೇಳಿದ. ಕನ್ನಡಕ ತೆಗೆದು ಒರೆಸಿಕೊಂಡು, ಇದು ಆತ್ಮ ಪರಮಾತ್ಮನಿಗಾಗಿ ಹಂಬಲಿಸುವ ಹಾಡು, ಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂದು ತೀರ್ಪು ಕೊಟ್ಟ. ಗಾಳಿ ಬಂದರೆ ಕೆಲಸಗಾರರು ಹೊರಗೆ ನೋಡುತ್ತಾರೆಂದು ಇಸ್ತ್ರಿ ಯಂತ್ರದ ಹಿಂದಿನ ಕಿಟಕಿಗೆ ಮೊಳೆ ಹೊಡೆಸಿದ ಮಹಾತ್ಮ ಅವನೇ.

ಆ ದಿನ ಸಂಜೆ ಯಜಮಾನಿ ಲಾಂಡ್ರಿ ನೋಡಲು ಬರುವವಳಿದ್ದಳು. ಇಲ್ಲಿಯ ಜನ ಎಷ್ಟು ಸುಸಂಸ್ಕೃತರೆಂದು ಅವಳಿಗೆ ತೋರಿಸುವ ಯೋಚನೆ ಸೂಪರ್‌ವೈಸರನಿಗೆ ಹೊಳೆಯಿತು. ಅವಳ ಮುಂದೆ ಹಾಡು ಹಾಕಬೇಕು, ಅಗಲಿದ ಕಲಾವಿದೆಯ ಬಗ್ಗೆ ರೇಡಿಯೋ ಎರಡು ಮಾತಾಡಬೇಕು ಎಂದು ಅಪ್ಪಣೆಯಾಯಿತು. ಮಧ್ಯಾಹ್ನವೆಲ್ಲ ರೇಡಿಯೋ ಹೊದಿಕೆಗಳನ್ನು ಉಲ್ಟಾ ಮಡಿಸಿದ. ಒಂದು ಸಲ ತನ್ನ ಕೈಯನ್ನೂ ಸೇರಿಸಿ ಮಡಿಸಿದ.

ಸಂಜೆ ಯಜಮಾನಿ ಬಂದಳು. ಸ್ಪೀಕರನ್ನು ಇಸ್ತ್ರಿ ಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟರು. ಎಲ್ಲರೂ ಸಾಲಾಗಿ ನಿಂತರು. ರೇಡಿಯೋ, ಅವಳು ಮಹಾನ್ ಗಾಯಕಿಯಾಗಿದ್ದಳು, ಬದುಕಿದ್ದಾಗ ನಾವು ಯಾರೂ ಗುರುತಿಸಲಿಲ್ಲ ಎಂದ. ದಿನವಿಡೀ ಅವನಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಹಾಗಾಗಿಯೋ ಏನೋ ಕಣ್ಣು ಫೋನು ಬಿಟ್ಟು ಅಕ್ಕನತ್ತ ಹೋಯಿತು. ಬೆರಳು ಫೋನಿನಲ್ಲಿ ಕತ್ತರಿಸಿದ ಪ್ರತಿಯ ಬದಲು ಅದರ ಕೆಳಗಿದ್ದ ಮೂಲಪ್ರತಿಯನ್ನು ಒತ್ತಿತು.

ಗಾಳಿ ಕಾದು ನಿಂತಿತು. ಅಲೆ ಬಂತು, ಹೋಯಿತು. ಯಜಮಾನಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಕೊನೆಯ ಸಾಲು ತೇಲಿ ತೇಲಿ ಕರಗಿತು. ಕರಗಿದ ಮೇಲೆ ಸ್ಪೀಕರಿನೊಳಗಿಂದ ಗುಡುಗಿನಂತೆ ಒಂದು ದನಿ:

"ಯಾವಳೇ ಅದು ರಾಗ ಎಳೀತಿರೋದು? ಮತ್ತೆ ನೀನೇನಾ? ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ? ಇನ್ನೊಂದ್ಸಲ ಬಾಯಿ ಬಿಟ್ರೆ ಮನೆಗೆ ಕಳಿಸ್ತೀನಿ."

ಆ ದನಿ ಎಲ್ಲರಿಗೂ ಒಮ್ಮೆಗೇ ಗುರುತು ಹತ್ತಿತು. ದಿನವೂ ಕೇಳುವ ದನಿ. ಡ್ರೈವರ್ ವಿನಯದಿಂದ ಕೇಳಿದ:

"ಸಾರ್, ನೀವು ಯಾವಾಗ ದ್ವೀಪಕ್ಕೆ ಹೋಗಿದ್ರಿ?"

ಸೂಪರ್‌ವೈಸರನ ಮುಖ ಬಣ್ಣ ಬಿಡುವ ಬಟ್ಟೆಯಂತಾಯಿತು. ಇನ್ನು ತಡೆದರೆ ಎದೆ ಒಡೆಯುತ್ತದೆಂದು ರೇಡಿಯೋ ಎಲ್ಲವನ್ನೂ ಕಕ್ಕಿದ. ದ್ವೀಪ ಇಲ್ಲ, ಮೇಕೆ ಇಲ್ಲ, ಹಾಡಿದ್ದು ಅಕ್ಕ, ಸಾಯಿಸಿದ್ದು ನಾನು ಎಂದ. ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಕುರ್ಚಿಗೋಸ್ಕರ ಕೊಂದ್ಯೇನೋ?"

ಯಜಮಾನಿಗೆ ಮಾತ್ರ ಕೋಪ ಬರಲಿಲ್ಲ. ಅವಳಿಗೆ ಇದೆಲ್ಲ ಬಹಳ ಸೊಗಸಾಗಿ ಕಂಡಿತು. ಬಟ್ಟೆ ಕೊಡುವ ಹೋಟೆಲುಗಳಿಗೆಲ್ಲ ಈ ಹಾಡನ್ನು ಕಳಿಸೋಣ, ನಮ್ಮ ಲಾಂಡ್ರಿಗೆ ಹೆಸರು ಬರುತ್ತದೆ, ಈಗ ಎದುರಿಗೇ ಒಂದು ಸಲ ಹಾಡಿಸಿ ಎಂದಳು. ಸೂಪರ್‌ವೈಸರ್ ಮಗುವನ್ನು ರಮಿಸುವಂತೆ ಅಕ್ಕನತ್ತ ತಿರುಗಿದ.

"ಹಾಡಮ್ಮಾ. ಮೇಡಂ ಕೇಳ್ತಿದಾರೆ, ನಾಚ್ಕೋಬೇಡ."

"ಇದು ಕೆಲಸದ ಹೊತ್ತು ಸಾರ್" ಎಂದಳು ಅಕ್ಕ.

ಸೂಪರ್‌ವೈಸರ್ ಊಟದ ಕೋಣೆಗೆ ಓಡಿಹೋಗಿ ಹಲಗೆಯನ್ನು ಗೋಡೆಯಿಂದ ಕಿತ್ತು ತಂದು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಬೋರಲು ಹಾಕಿದ. ಬೆವರು ಒರೆಸಿಕೊಳ್ಳುತ್ತ, "ತಗೋ, ನಿಯಮ ಹೋಯ್ತು. ಈಗ ಹಾಡು" ಎಂದ.

ಅಕ್ಕ ಒದ್ದೆ ಹೊದಿಕೆಗಳ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ರೇಡಿಯೋನ ಎದೆಯಲ್ಲಿ, ಅಷ್ಟೊಂದು ನಾಚಿಕೆಯ ನಡುವೆಯೂ, ಒಂದು ಆಸೆ ಇಲಿಯಂತೆ ತಲೆ ಎತ್ತಿತು. ಅವಳು ಹಾಡಿಬಿಟ್ಟರೆ ಅವಳ ಕೆಲಸಕ್ಕೂ ಭಯವಿಲ್ಲ, ತನ್ನ ಮಾನವೂ ಉಳಿಯುತ್ತದೆ. ಎಷ್ಟಾದರೂ ಮೊದಲು ಕಂಡುಹಿಡಿದವನು ತಾನೇ ಅಲ್ಲವೇ? ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ:

"ಅಕ್ಕಾ, ತಪ್ಪಾಯ್ತು. ನಿಂಗೆ ಗೊತ್ತಾಗಿರ್ಲಿಲ್ಲ ಅಂತ ಅಂದ್ಕೊಂಡಿದ್ದೆ. ಒಂದೇ ಒಂದು ಸಾಲು ಹಾಡು, ನನಗೋಸ್ಕರ."

"ಗೊತ್ತಿಲ್ದೆ ಏನು? ಆ ಕೆಮ್ಮು ನಂದೇ ಅಲ್ವೇನೋ" ಎಂದಳು ಅಕ್ಕ. "ನನ್ನೆದುರಿಗೆ ನೀನು ಎಲ್ಲಿವರೆಗೆ ಹೋಗ್ತೀಯ ನೋಡೋಣ ಅಂತ ಸುಮ್ನಿದ್ದೆ. ಮಣ್ಣು ಮಾಡೋವರೆಗೂ ಹೋದೆ."

ಆಮೇಲೆ ಎಲ್ಲರಿಗೂ ಕೇಳುವಂತೆ ಯಜಮಾನಿಗೆ ಹೇಳಿದಳು: "ಅದು ದೇವರ ಹಾಡಲ್ಲ ಮೇಡಂ. ಈ ಹಿಂದಿರೋ ಕಿಟಕಿ ಹಾಡು. ಮೊಳೆ ಕೀಳಿಸಿದ್ರೆ ಆ ಹಾಡೇ ಬೇಕಾಗಲ್ಲ."

ಯಜಮಾನಿ ಕಿಟಕಿಯತ್ತ ನೋಡಿದಳು, ಕೈಗಡಿಯಾರದತ್ತ ನೋಡಿದಳು. ಕಿಟಕಿಯ ವಿಚಾರ ಆಮೇಲೆ ನೋಡೋಣ, ಮೊದಲು ಹಾಡಲಿ ಎಂದಳು.

"ಹಾಡೇ, ಕೇಳಿಸ್ಲಿಲ್ವಾ?" ಸೂಪರ್‌ವೈಸರನ ದನಿ ಮತ್ತೆ ದ್ವೀಪಕ್ಕೆ ಮರಳಿತು.

ಅಕ್ಕ ಒಂದು ಒದ್ದೆ ಹೊದಿಕೆಯನ್ನು ಕೊಡವಿ ಯಂತ್ರದ ಮೇಲೆ ಹರಡಿದಳು. ಯಂತ್ರದ ಮುಚ್ಚಳಕ್ಕೆ ಕೈ ಹಾಕಿದಳು.

"ಹಾಡಲ್ಲ ಸಾರ್. ಮಧ್ಯಾಹ್ನ ತಾನೇ ನೀವೆಲ್ಲ ನನಗೋಸ್ಕರ ಅತ್ತಿದೀರಿ. ಸತ್ತೋಳ ಕೈಲಿ ಕೆಲಸ ಮಾಡಿಸ್ಕೋತಿದೀರಲ್ಲ, ಅಷ್ಟು ಸಾಲ್ದಾ?"

ಮುಚ್ಚಳ ಎಳೆದಳು. 'ಹುಶ್' ಎಂದು ಸಮುದ್ರ ಎದ್ದಿತು.