ಗಾಳಿ ಹೋಯ್ತಾ?

ನಮ್ಮ ಮನೆಯಲ್ಲಿ ಹೊಟ್ಟೆಯಿಂದ ಕೆಳಗೆ ನಡೆಯುವ ವ್ಯವಹಾರಗಳಿಗೆ ಹೆಸರೇ ಇರಲಿಲ್ಲ. ಉಪ್ಪಿಟ್ಟಿಗೆ ಹೆಸರಿತ್ತು, ಅವರೆಕಾಳು ಸಾರಿಗೆ ಹೆಸರಿತ್ತು. ಗಂಟಲು ದಾಟಿದ ಮೇಲೆ ಅವುಗಳ ಗತಿ ಏನಾಯಿತೆಂದು ಯಾರೂ ವಿಚಾರಿಸುತ್ತಿರಲಿಲ್ಲ. ಕಕ್ಕಸಿಗೆ ಹೋದವರು ‘ಆ ಕಡೆ’ ಹೋಗಿರುತ್ತಿದ್ದರು. ಯಾರಿಗಾದರೂ ವಾಯು ಸರಿದರೆ ಅಕ್ಕ ಎದ್ದು ಕಿಟಕಿ ತೆಗೆದು, “ಮೋರಿ ಕಟ್ಕೊಂಡಿರ್ಬೇಕು” ಎನ್ನುತ್ತಿದ್ದಳು. ಹೀಗೆ ಕಾರ್ಪೊರೇಷನ್ನಿನವರ ಮೇಲೆ ಹಾಕಿ ಹಾಕಿಯೇ ನಾವು ಮರ್ಯಾದಸ್ಥರಾಗಿ ಬೆಳೆದೆವು. ಆ ಮರ್ಯಾದೆಯಿಂದಲೇ ನಾನು ಅಕ್ಕನ ಪ್ರಾಣಕ್ಕೆ ಕುತ್ತು ತಂದೆ. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನನ್ನದು ನಜರ್‌ಬಾದಿನಲ್ಲಿ ಪಂಚರ್ ಅಂಗಡಿ. ಏಳನೇ ಕ್ಲಾಸಿಗೇ ಸ್ಕೂಲು ನನ್ನನ್ನು ಬಿಟ್ಟಿತು, ನಾನಾಗಿ ಬಿಡಲಿಲ್ಲ. ಗಿರಿಜಕ್ಕ ಮದುವೆಯಾಗದೆ ನಮ್ಮ ಜೊತೆಯಲ್ಲೇ ಉಳಿದವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬೀದಿಗೆಲ್ಲ ರವಿಕೆ ಹೊಲಿಯುತ್ತಾಳೆ. ಅವಳಿಗೆ ಒಂದು ದಿನ ಹೊಟ್ಟೆ ಉಬ್ಬಿ, ನೋವು ತಡೆಯಲಾರದೆ ಆಸ್ಪತ್ರೆಗೆ ಸೇರಿಸಿದೆವು. ದೊಡ್ಡ ಕರುಳು ತಿರುಚಿಕೊಂಡಿದೆ ಎಂದರು. ಗಿಡಕ್ಕೆ ನೀರು ಬಿಡುವ ಪೈಪು ಮಡಚಿಕೊಂಡರೆ ನೀರು ನಿಲ್ಲುವುದಿಲ್ಲವೇ, ಹಾಗೆ. ಕೆಟ್ಟ ಭಾಗ ಕತ್ತರಿಸಿ, ಉಳಿದ ಎರಡು ತುದಿಗಳನ್ನು ಹೊಲಿದರು. ಊರಿನ ರವಿಕೆಗಳಿಗೆಲ್ಲ ಹೊಲಿಗೆ ಹಾಕುವವಳ ಹೊಟ್ಟೆಯೊಳಗೇ ಈಗ ಹೊಲಿಗೆ. ಅದು ಬಿಟ್ಟುಕೊಳ್ಳದಿದ್ದರೆ ಸಾಕು ಎಂದು ನಾವು ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು.

ರಾತ್ರಿ ಹೊತ್ತು ನನ್ನ ಹೆಂಡತಿ ಸಾವಿತ್ರಿ ಅಕ್ಕನ ಪಕ್ಕ ಇರುತ್ತಿದ್ದಳು, ಹಗಲು ನಾನು. ಆ ದಿನ ಬೆಳಿಗ್ಗೆ ಅವಳು ಫೋನು ಮಾಡಿ, “ಅಕ್ಕಂಗೆ ಅದು ಆಗ್ಬೇಕಂತೆ. ಆಮೇಲೇ ಬಾಯಿಗೆ ಏನಾದ್ರೂ ಕೊಡೋದಂತೆ” ಎಂದಳು.

“ಯಾವ್ದೇ?”

“ಅದೇ ಕಣ್ರೀ, ಅದು.”

“ಹೂಂ, ಗೊತ್ತಾಯ್ತು” ಎಂದೆ. ಗೊತ್ತಾಗಿರಲಿಲ್ಲ. ಅವಳೂ ನಮ್ಮ ಮನೆಗೆ ಬಂದು ನಮ್ಮ ಮರ್ಯಾದೆ ಕಲಿತವಳು.

ಹೊರಡುವ ಹೊತ್ತಿಗೆ ನೋಡಿದರೆ ನನ್ನ ಸ್ಕೂಟರಿನ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಬೇರೆಯವರ ಗಾಡಿಗೆ ತೇಪೆ ಹಾಕುವುದರಲ್ಲಿ ನನ್ನ ಟ್ಯೂಬಿಗೆ ಪುರಸೊತ್ತು ಎಲ್ಲಿತ್ತು? ಹತ್ತಿರದ ಆಸ್ಪತ್ರೆಯೇ ತಾನೆ, ಅಲ್ಲೇ ಸರಿಮಾಡಿಕೊಂಡರಾಯಿತು ಎಂದು ಡಿಕ್ಕಿಯಲ್ಲಿ ಸಾಮಾನು ತುಂಬಿ ತಳ್ಳಿಕೊಂಡೇ ಹೊರಟೆ. ಪಂಚರ್ ಅಂಗಡಿಯವನು ಪಂಚರಾದ ಗಾಡಿ ತಳ್ಳುವುದನ್ನು ನೋಡುವ ಯೋಗ ಜನರಿಗೆ ದಿನಾ ಸಿಗುತ್ತದೆಯೇ? “ಏನ್ ನಂಜುಂಡಣ್ಣ, ನಿಮ್ದೇ ಗಾಳಿ ಹೋಯ್ತಾ?” ಎಂದು ಹಾಲಿನವನು ಕೇಳಿದ. ಹೂವಿನ ಅಜ್ಜಿ ಕೇಳಿತು. ಆಸ್ಪತ್ರೆ ಗೇಟಿನ ವಾಚ್‌ಮನ್ನೂ ಕೇಳಿದ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಬೆವರು ಸುರಿಸುತ್ತ ವಾರ್ಡಿಗೆ ಹೋದರೆ ಸಾವಿತ್ರಿ ಆಗಲೇ ಮನೆಗೆ ಹೊರಟುಹೋಗಿದ್ದಳು, ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಕಾಲ ಬಳಿ ನಿಂತಿದ್ದ ಸಿಸ್ಟರು ನನ್ನನ್ನು ನೋಡಿದ್ದೇ, “ಅಂಕಲ್, ಗಾಳಿ ಹೋಯ್ತಾ?” ಎಂದರು.

ಸುದ್ದಿ ಇಲ್ಲಿಗೂ ಬಂತಲ್ಲ ಎಂದು ನನಗೆ ರೇಗಿತು. “ಹೋಯ್ತು ಸಿಸ್ಟರ್. ಚೂರೂ ಉಳೀದಂಗೆ ಹೋಯ್ತು.”

“ಯಾವಾಗ?”

“ಬೆಳಿಗ್ಗೆ. ನಾನು ನೋಡೋ ಹೊತ್ಗೆ ಪೂರ್ತಿ ಹೋಗ್ಬುಟ್ಟಿತ್ತು.”

“ಒಳ್ಳೇದಾಯ್ತು ಬಿಡಿ” ಎಂದು ಆ ಹುಡುಗಿ ಸಂತೋಷದಿಂದ ನಕ್ಕು ಹೊರಟುಹೋಯಿತು. ಕಂಡವರ ಗಾಳಿ ಹೋದರೆ ಇಷ್ಟು ಖುಷಿಪಡುವವರೂ ಇದ್ದಾರಲ್ಲ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಗಂಜಿ ನೀರು ಕೊಡಬಹುದು ಎಂದರು. ಅಕ್ಕ ಎದ್ದಳು. ನಾನು ಚಮಚದಲ್ಲಿ ಕುಡಿಸತೊಡಗಿದೆ. ಪಕ್ಕದ ಮಂಚದ ಹೆಂಗಸಿಗೂ ಹೊಟ್ಟೆಯ ಆಪರೇಷನ್ನೇ ಆಗಿತ್ತು. ಅವರು, “ನಂಗ್ಯಾಕಮ್ಮ ಗಂಜಿ ಇಲ್ಲ?” ಎಂದು ಕೇಳಿದ್ದಕ್ಕೆ ಸಿಸ್ಟರು ಬಿಡಿಸಿ ಹೇಳಿದರು. ಮುಟ್ಟಿ ಕೊಯ್ದರೆ ಕರುಳು ಮಲಗಿಬಿಡುತ್ತದಂತೆ. ಅದರಲ್ಲೂ ದೊಡ್ಡ ಕರುಳು ಏಳುವುದು ಎಲ್ಲಕ್ಕಿಂತ ಕೊನೆಗಂತೆ. ಎಚ್ಚರವಿದ್ದಾಗಲೂ ಅದು ನಿಧಾನವೇ. ಹೊಟ್ಟೆಯ ಬಲಗಡೆ ಮೇಲೆ ಹತ್ತಿ, ಅಡ್ಡ ಹಾಯ್ದು, ಎಡಗಡೆ ಇಳಿಯುವ ಆ ಕೊಳವೆ ಉಂಡದ್ದರ ಕಸದಿಂದ ನೀರೆಲ್ಲ ಹೀರಿಕೊಂಡು, ಗಟ್ಟಿ ಮಾಡಿ, ಹಿಂಡಿ ಹಿಂಡಿ ಮುಂದಕ್ಕೆ ತಳ್ಳುತ್ತದೆ. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ಜೋರಾಗಿ ತಳ್ಳುವುದೂ ಉಂಟು. ಬೆಳಗಿನ ಕಾಫಿ ಕುಡಿದೊಡನೆ ನಾನು ಲೋಟ ಕೆಳಗಿಟ್ಟು ಓಡುತ್ತಿದ್ದುದು ಇದಕ್ಕೇ. ಅದು ಕಾಫಿಪುಡಿಯ ಗುಣ ಎಂದು ತಿಳಿದು ಪುಡಿ ಅಂಗಡಿಯವನನ್ನು ಹೊಗಳಿದ್ದೆ. “ಕರುಳು ಎದ್ದಿದೆ ಅನ್ನೋಕೆ ಗುರುತು ಅಂದ್ರೆ ಕೆಳಗಡೆಯಿಂದ ಗಾಳಿ ಹೋಗೋದು. ಅವರಿಗೆ ಹೋಯ್ತಂತೆ, ನಿಮಗಿನ್ನೂ ಇಲ್ಲ” ಎಂದು ಸಿಸ್ಟರು ಮುಗಿಸಿದರು.

ಚಮಚ ನನ್ನ ಕೈಯಲ್ಲೇ ನಿಂತಿತು.

ಆಗಲೇ ಕೂಗಿ ಹೇಳಬೇಕಿತ್ತು, ಇಲ್ಲ ತಾಯಿ, ಹೋದದ್ದು ಸ್ಕೂಟರಿನದು ಎಂದು. ಆದರೆ ಸುತ್ತ ಹೆಂಗಸರು, ಎದುರಿಗೆ ಅಕ್ಕ. ಅಕ್ಕನಿಗೂ ಆ ಮಾತಿಗೂ ನಂಟು ಹಾಕಿ ಹೇಗೆ ಬಾಯಿ ಬಿಡಲಿ? ಅವಳ ಕಣ್ಣು ಬಟ್ಟಲಿನಲ್ಲೇ ನೆಟ್ಟಿತ್ತು. “ಕೊಡೋ, ಆರೋಗ್ತದೆ” ಎಂದಳು. ಇನ್ನೊಂದು ಚಮಚ ಕೊಟ್ಟೆ. ಗೊತ್ತಿದ್ದೂ ಕೊಟ್ಟೆ. ಬಟ್ಟಲು ಖಾಲಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಅವಳ ಹೊಟ್ಟೆ ತಮಟೆಯಂತೆ ಬಿಗಿಯಿತು. ವಾಂತಿ ಶುರುವಾಯಿತು. ಡಾಕ್ಟರು ಓಡಿಬಂದು ಮೂಗಿನಿಂದ ನಳಿಗೆ ಇಳಿಸಿದರು. ಒಳಗಿನ ಹೊಲಿಗೆ ಬಿಟ್ಟರೆ ಮತ್ತೆ ಕೊಯ್ಯಬೇಕಾಗುತ್ತದೆ, ಈ ಸಲ ಧೈರ್ಯ ಹೇಳಲಾರೆ ಎಂದರು. ನಾನು ಸಿಸ್ಟರನ್ನು ಕಾರಿಡಾರಿಗೆ ಕರೆದು ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. “ಗಂಜಿ ಕುಡಿಸೋವಾಗಾದ್ರೂ ಹೇಳ್ಬಾರ್ದಿತ್ತಾ ಅಂಕಲ್?” ಎಂದರು.

ಮರುದಿನ ಮಧ್ಯಾಹ್ನವಾದರೂ ಅದು ಆಗಲಿಲ್ಲ. ಕಾರಿಡಾರಿನ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಕೈ ಮುಗಿದೆ. ಮಗಳ ಮದುವೆ ಕೇಳಿದ್ದೇನೆ, ಸೈಟು ಕೇಳಿದ್ದೇನೆ, ಇದನ್ನು ಚಾಮುಂಡಿ ತಾಯಿಯ ಹತ್ತಿರ ಯಾವ ಮಾತಿನಲ್ಲಿ ಕೇಳುವುದು? “ತಾಯಿ, ಅಕ್ಕಂಗೆ ಅದು ಆಗ್ಲಿ” ಎಂದೆ. ಅಷ್ಟರಿಂದಲೇ ಅವಳು ಅರ್ಥಮಾಡಿಕೊಳ್ಳಬೇಕಾಯಿತು.

ಡಾಕ್ಟರು ನಡೆಸಲು ಹೇಳಿದ್ದರು. ಆ ಸಂಜೆ ಅಕ್ಕ ನನ್ನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಬಾಗಿಲ ಹತ್ತಿರ ಇದ್ದಕ್ಕಿದ್ದಂತೆ ನಿಂತಳು. ನನ್ನ ಭುಜವನ್ನು ಉಗುರು ಊರುವಂತೆ ಹಿಡಿದಳು. ಹೊಲಿಗೆ ಬಿಟ್ಟೇಬಿಟ್ಟಿತು ಎಂದುಕೊಂಡೆ. ಆಗ ಕೇಳಿಸಿತು. ಸಣ್ಣದಲ್ಲ. ರೇಷ್ಮೆ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಹಾಗೆ, ವಾರ್ಡಿನ ಆ ತುದಿಯವರೆಗೂ. ಅಕ್ಕ ತಲೆ ಎತ್ತಿ ಸಿಸ್ಟರ ಕಡೆ ತಿರುಗಿ, “ಈಗ ಹೋಯ್ತು ಕಣಮ್ಮ, ಬರ್ಕೊ” ಎಂದಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಎರಡನೇ ಸಲ ಗಂಜಿ ಕುಡಿಸುವಾಗ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅಕ್ಕ ತಡೆದಳು. “ನಂಗೊತ್ತು ಬುಡು ನಂಜ. ಅವತ್ತು ನಾನು ಎಚ್ಚರವಾಗೇ ಇದ್ದೆ. ನೀನು ಗಾಡಿ ವಿಷ್ಯ ಹೇಳ್ತಿದೀಯ ಅಂತಾನೂ ಗೊತ್ತಾಯ್ತು. ಹೊಟ್ಟೆ ಹಸೀತಿತ್ತು, ಸುಮ್ಕಿದ್ದೆ. ತಪ್ಪು ನಂದೇ.”

ಇದು ನಿಜವೋ ಸುಳ್ಳೋ ನನಗೆ ತಿಳಿಯದು. ಆ ಬೆಳಿಗ್ಗೆ ಅವಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದ್ದೆ. ಹಾಗೆಂದು ಅವಳಿಗೆ ಹೇಳಬೇಕು ಅನ್ನುವಷ್ಟರಲ್ಲಿ ಡಾಕ್ಟರು ಬಂದರು. ಹೊಟ್ಟೆ ಒತ್ತಿ ನೋಡಿ, ಸಮಾಧಾನವಾಗಿ, ಆಮೇಲೆ ಗಡುಸಾಗಿ ಕೇಳಿದರು, “ಅವತ್ತು ಗಾಳಿ ಹೋಯ್ತು ಅಂತ ಸುಳ್ಳು ಹೇಳಿದ್ದು ಯಾರ್ರೀ?”

ಸಿಸ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೂ ಯೋಚಿಸುತ್ತಿದ್ದೆ, ನನ್ನ ಬೆರಳು ಆಗಲೇ ಅಕ್ಕನ ಕಡೆ ತಿರುಗಿತ್ತು.

ಅಕ್ಕ ಹೌದೆಂದು ತಲೆಯಾಡಿಸಿದಳು. ನಾನು ಬಟ್ಟಲು ತೊಳೆದುಕೊಂಡು ಬರಲು ಎದ್ದೆ. ಅದರಲ್ಲಿ ಇನ್ನೂ ಅರ್ಧ ಗಂಜಿಯಿತ್ತು.