ಡ್ರೆಸ್ಡೆನ್ನಿನಲ್ಲಿ ಜಪಾನಿ ಪಲ್ಲಕ್ಕಿ ಹೊತ್ತದ್ದು

ಮರ್ಯಾದೆ ಕಳೆದುಕೊಳ್ಳಲು ಮಾಮೂಲಿ ಮನುಷ್ಯನಿಗೆ ಒಂದು ದೇಶ ಸಾಕು. ನನಗೆ ಒಂದೇ ದಿನ ಮೂರು ದೇಶ ಬೇಕಾಯಿತು: ಇಂಡಿಯಾದವನಾಗಿ, ಜರ್ಮನಿಯಲ್ಲಿ, ಜಪಾನಿನವರ ಮುಂದೆ. ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಒಮ್ಮೆಯೂ ವಿಳಾಸ ತಪ್ಪುವುದಿಲ್ಲ.

೧. ಹೆಗಲು ಬೇಕಾಗಿದೆ

ಗ್ರೀನ್ ಕಾರ್ಡಿನ ವರ್ಷಗಳು. ಜರ್ಮನಿ ಸರ್ಕಾರ ಸಾಫ್ಟ್‌ವೇರಿನವರನ್ನು ಕರೆದು ಕರೆದು ಕಾರ್ಡು ಕೊಡುತ್ತಿತ್ತು. ನಾನು ಡ್ರೆಸ್ಡೆನ್ನಿನಲ್ಲಿ ಓದುತ್ತಿದ್ದ ಬಡಪಾಯಿ ವಿದ್ಯಾರ್ಥಿ, ಅದೂ ಮೆಕ್ಯಾನಿಕಲ್. ಆದರೂ ಟ್ರಾಮಿನಲ್ಲಿ ಪಕ್ಕ ಕುಳಿತವರು ನನ್ನ ಮುಖ ನೋಡಿದ್ದೇ ತಮ್ಮ ಮನೆಯ ಪ್ರಿಂಟರ್ ಕೆಟ್ಟ ಕತೆ ಶುರು ಮಾಡುತ್ತಿದ್ದರು.

ನನ್ನ ಚಿಂತೆ ಬೇರೆ. ಥೀಸಿಸ್ ಮಾಡಲು ಒಬ್ಬ ಪ್ರೊಫೆಸರರ ಸಹಿ ಬೇಕಿತ್ತು. ಸೋಮವಾರ ಕೊನೆಯ ದಿನ. ಸಹಿ ಇಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಪ್ರೊಫೆಸರ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬದಲಿಗೆ ಕೇಳಿದರು:

"ಶನಿವಾರ ಬಿಡುವಿದೆಯೇ? ನನ್ನ ಹೆಂಡತಿ ಜಪಾನಿನವಳು. ಅವರ ಬೇಸಿಗೆ ಹಬ್ಬ ನಡೆಸುತ್ತಿದ್ದಾಳೆ. ಪಲ್ಲಕ್ಕಿ ಹೊರಲು ಜನ ಸಾಲದು. ನೀವು ಏಷ್ಯಾದವರು, ನಿಮಗೆ ಇದೆಲ್ಲ ಗೊತ್ತಿರುತ್ತದೆ."

ಜಪಾನ್ ನಮ್ಮ ಉಡುಪಿಯಿಂದ ಎಷ್ಟು ದೂರ ಎಂದು ಭೂಗೋಳ ಬಿಡಿಸಿ ಹೇಳುವ ಸಮಯ ಅದಲ್ಲ. "ಎಲ್ಲಾ ಗೊತ್ತು ಸರ್" ಎಂದೆ.

ಮನೆಗೆ ಬಂದು ರೂಮ್‌ಮೇಟ್‌ಗೆ ಹೇಳಿದೆ. ಅವನೂ ಉಡುಪಿಯವನೇ, ಗ್ರೀನ್ ಕಾರ್ಡಿನ ಮೇಲೆ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಬಂದವನು.

"ನಾನೂ ಬರ್ತೇನೆ ಮಾರಾಯ. ಊಟ ಉಂಟಲ್ಲ?"

"ಉಂಟು. ಆದ್ರೆ ಮೀನು ಬೇಯಿಸುದಿಲ್ಲ ಅವ್ರು."

"ಹಾಗಾದ್ರೆ ಅದು ಊಟ ಅಲ್ಲ, ಮಾರ್ಕೆಟ್."

೨. ಏರಿಳಿತ

ಹೊರುವವರೆಲ್ಲ ಯುಕಾತಾ ತೊಡಬೇಕಿತ್ತು. ಯುಕಾತಾ ಎಂದರೆ ಪಾದದವರೆಗೆ ಇಳಿಬೀಳುವ ಹತ್ತಿಯ ನಿಲುವಂಗಿ, ಸೊಂಟಕ್ಕೊಂದು ಪಟ್ಟಿ. ನನ್ನ ಲ್ಯಾಬಿನ ಜಪಾನಿ ಗೆಳೆಯ ನಮ್ಮಿಬ್ಬರಿಗೂ, ಹತ್ತು ಜರ್ಮನ್ ಹುಡುಗರಿಗೂ ಅಚ್ಚುಕಟ್ಟಾಗಿ ಉಡಿಸಿದ. ಸೆಕೆಯೋ ಸೆಕೆ. ಎರಡು ಹೆಜ್ಜೆ ಇಟ್ಟರೆ ಬಟ್ಟೆ ಕಾಲಿಗೆ ಸಿಕ್ಕುತ್ತಿತ್ತು. ಕರಾವಳಿಯ ಗಂಡಸಿಗೆ ಕಾಲಿಗೆ ಸಿಕ್ಕುವ ಬಟ್ಟೆಯನ್ನು ಏನು ಮಾಡಬೇಕೆಂದು ಯಾರೂ ಕಲಿಸಬೇಕಿಲ್ಲ. ಲುಂಗಿಯ ಹಾಗೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದೆವು. ಜಪಾನಿ ಗೆಳೆಯ ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಪ್ರೊಫೆಸರ್ ಬಂದರು. ಹಿರಿಯರ ಮುಂದೆ ಲುಂಗಿ ಎತ್ತಿ ಕಟ್ಟಿ ನಿಲ್ಲುವುದುಂಟೇ? ಇಬ್ಬರೂ ಪಟ್ಟನೆ ಬಿಚ್ಚಿ ಕೆಳಗಿಳಿಸಿದೆವು. ಅವರು ಆಚೆ ಹೋದರು, ಮತ್ತೆ ಎತ್ತಿ ಕಟ್ಟಿದೆವು. ಮತ್ತೆ ಬಂದರು, ಮತ್ತೆ ಇಳಿಸಿದೆವು. ಜರ್ಮನ್ ಹುಡುಗರು ಇದನ್ನೆಲ್ಲ ಗಮನಿಸುತ್ತಿದ್ದರು. ಶಿಸ್ತಿನ ಜನ ನೋಡಿ, ಕೇಳಲಿಲ್ಲ, ಕಲಿತುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಪ್ರೊಫೆಸರ್ ಕಂಡರೆ ಸಾಕು, ಹನ್ನೆರಡು ನಿಲುವಂಗಿಗಳು ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಪಾಪ, ಆ ಮನುಷ್ಯ ಪ್ರತಿ ಸಲವೂ ತಮ್ಮ ಪ್ಯಾಂಟಿನ ಜಿಪ್ ಮುಟ್ಟಿ ನೋಡಿಕೊಳ್ಳುತ್ತಿದ್ದರು.

೩. ಎತ್ತಿ ಕುಡಿಯುವುದು

ಪಲ್ಲಕ್ಕಿಗೆ ಮೊದಲು ಚಹಾ. ಚಾಪೆಯ ಮೇಲೆ ಮಂಡಿಯೂರಿ ಕುಳಿತೆವು. ಪ್ರೊಫೆಸರರ ಹೆಂಡತಿ ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿದರು. ಒಂದು ಚಹಾಕ್ಕೆ ಅಷ್ಟು ಹೊತ್ತು ತೆಗೆದುಕೊಂಡರೆ ನಮ್ಮ ಕಡೆ ಹೋಟೆಲು ಮುಚ್ಚಿಸುತ್ತಾರೆ. ಆಮೇಲೆ ಗೊತ್ತಾಯಿತು: ಬಟ್ಟಲು ಒಂದೇ, ಕುಡಿಯುವವರು ಮೂವರು. ಮೊದಲು ಒಬ್ಬ ಜರ್ಮನ್ ಅಜ್ಜಿ, ನಂತರ ನನ್ನ ರೂಮ್‌ಮೇಟ್, ಕೊನೆಗೆ ನಾನು.

ಅಜ್ಜಿ ಬಾಯಿಟ್ಟು ಕುಡಿದು, ಅಂಚು ಒರೆಸಿ ದಾಟಿಸಿದರು. ರೂಮ್‌ಮೇಟ್ ಬಿಳುಚಿಕೊಂಡ.

"ಎಂಜಲು ಮಾರಾಯ!"

"ಸುಮ್ನೆ ಕುಡಿ. ನನ್ನ ಥೀಸಿಸ್ ಉಂಟು ಅದ್ರಲ್ಲಿ."

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಣೆಯ ಮಟ್ಟಕ್ಕೆ ಎತ್ತಿ, ಬಾಯಿ ತೆರೆದು, ಮೇಲಿನಿಂದ ಸುರಿದುಕೊಳ್ಳಲು ಹೊರಟ. ಆ ಗಟ್ಟಿ ಚಹಾ ಮೊದಲು ಬರಲೇ ಇಲ್ಲ. ಅಲ್ಲಾಡಿಸಿದ. ಆಗ ಇದ್ದದ್ದಷ್ಟೂ ಒಟ್ಟಿಗೆ ಬಂದು ಅರ್ಧ ಬಾಯಿಗೆ, ಅರ್ಧ ಮೂಗಿಗೆ ಹೋಯಿತು. ನನ್ನ ಪಾಲಿಗೆ ಖಾಲಿ ಬಟ್ಟಲು ಬಂತು, ನಾನು ಅದನ್ನೇ ಭಕ್ತಿಯಿಂದ ಕುಡಿದೆ.

ಆಕೆ ಸ್ವಲ್ಪವೂ ವಿಚಲಿತರಾಗಲಿಲ್ಲ. ಬಹಳ ಗೌರವದಿಂದ ಕೇಳಿದರು: "ಚಹಾದಲ್ಲಿ ನಮ್ಮಲ್ಲಿ ಹಲವು ಪಂಥಗಳಿವೆ. ಇದು ಯಾವ ಪಂಥದ ಕ್ರಮ?"

ರೂಮ್‌ಮೇಟ್ ಹಸಿರು ಮೂಗು ಒರೆಸಿಕೊಂಡು ಹೇಳಿದ: "ಉಡುಪಿ."

ಆಕೆ ತಲೆಬಾಗಿ, "ಕೇಳಿಲ್ಲ. ಬಹಳ ಪ್ರಾಚೀನ ಇರಬೇಕು" ಎಂದರು.

೪. ಶೇಕಡಾ ಐದು

ಪಲ್ಲಕ್ಕಿ ಪ್ಲೈವುಡ್ಡಿನದು, ವಿದ್ಯಾರ್ಥಿಗಳೇ ಮಾಡಿದ್ದು. ಎರಡು ಉದ್ದ ಮರದ ತೊಲೆ, ನಡುವೆ ಬಣ್ಣ ಬಳಿದ ಪುಟ್ಟ ಗುಡಿ. "ವಾಶ್ಶೋಯ್, ವಾಶ್ಶೋಯ್" ಎಂದು ಕೂಗುತ್ತ, ಕುಲುಕುತ್ತ ಹುಲ್ಲುಹಾಸು ಸುತ್ತಿಸಿ ಇಳಿಸಿದೆವು. ಎಲ್ಲ ಸುಸೂತ್ರ. ನನ್ನ ಸಹಿ ಸಿಕ್ಕ ಹಾಗೆಯೇ ಎಂದುಕೊಂಡೆ.

ರೂಮ್‌ಮೇಟ್ ಬಿಡಬೇಕಲ್ಲ. "ದೇವರನ್ನು ಹೊತ್ತು ಹಾಗೇ ಹೋಗುದಾ? ಒಂದು ನಮಸ್ಕಾರ ಮಾಡುವ" ಎಂದ. ಮೂರು ಸುತ್ತು ಬಂದು ಉದ್ದಂಡ ಅಡ್ಡಬಿದ್ದ. ನಾನೂ ಬಿದ್ದೆ. ನಮ್ಮ ಹಿಂದೆ ಧಪ್ ಧಪ್ ಎಂದು ಹತ್ತು ಸದ್ದು: ಜರ್ಮನ್ ಹುಡುಗರು. ಹೆಂಡತಿ ನೋಡುತ್ತಿದ್ದಾಳೆಂದು ಪ್ರೊಫೆಸರ್ ಕೂಡ ಕನ್ನಡಕ ಜೇಬಿಗಿಟ್ಟು ನಿಧಾನವಾಗಿ ಮಲಗಿದರು. ಹಳೆಯ ಪೂರ್ವ ಜರ್ಮನಿಯಲ್ಲಿ ದೇವರಿಲ್ಲವೆಂದೇ ಕಲಿತು ಬೆಳೆದ ಮನುಷ್ಯ! ಕೊನೆಗೆ, ಅತಿಥಿಗಳಿಗೆ ಮುಜುಗರವಾಗದಿರಲಿ ಎಂದು ಜಪಾನಿನವರೂ ಬಿದ್ದರು. ಆ ಹುಲ್ಲುಹಾಸಿನಲ್ಲಿ ನಿಂತು ಉಳಿದವರು ಇಬ್ಬರೇ: ಸಾಸೇಜ್ ಸುಡುವವನು, ಮತ್ತು ಕ್ಯಾಮೆರಾ ಹಿಡಿದಿದ್ದ ಪ್ರೊಫೆಸರರ ಹೆಂಡತಿ.

ಎಲ್ಲರೂ ಎದ್ದರು. ಪ್ರೊಫೆಸರ್ ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು.

ಆಂಬುಲೆನ್ಸ್ ದೂರದ ಗೇಟಿನವರೆಗೆ ಮಾತ್ರ ಬರುವುದಂತೆ. "ಪಲ್ಲಕ್ಕಿ ಉಂಟಲ್ಲ" ಎಂದ ರೂಮ್‌ಮೇಟ್. ಸರಿ, ತೊಲೆಗಳ ಮೇಲಿಂದ ಗುಡಿ ಎತ್ತಿ ಪಕ್ಕಕ್ಕಿಟ್ಟೆವು. ಒಳಗೆ ಎರಡು ಕ್ರೇಟ್ ಬಿಯರ್.

ಜಪಾನಿ ಗೆಳೆಯ ತಲೆ ತಗ್ಗಿಸಿದ. "ಪಲ್ಲಕ್ಕಿ ತೀರಾ ಹಗುರವಾಗಿತ್ತು. ತೂಕಕ್ಕೆ ಇಟ್ಟೆ. ಕ್ಷಮಿಸಿ. ದೇವರು ಇರಲೇ ಇಲ್ಲ."

ಕೆನ್ನೆ ಹುಲ್ಲಿಗೆ ಒತ್ತಿ ಮಲಗಿದ್ದ ಪ್ರೊಫೆಸರ್ ಒಂದು ಬಾಟಲಿಯ ಲೇಬಲನ್ನು ದಿಟ್ಟಿಸಿದರು. ರೂಮ್‌ಮೇಟ್ ಸಮಾಧಾನ ಹೇಳಿದ: "ಬೇಸರ ಮಾಡ್ಬೇಡಿ ಸರ್. ದೇವರು ಎಲ್ಲದರಲ್ಲೂ ಇರ್ತಾರೆ."

"ಇದರಲ್ಲಿ ಶೇಕಡಾ ಐದು" ಎಂದರು ಪ್ರೊಫೆಸರ್.

೫. ಸಹಿ

ಸೋಮವಾರ ಅರ್ಜಿ ಹಿಡಿದು ಅವರ ಮನೆಗೆ ಹೋದೆ. ಭಯವೆಂದರೆ ಭಯ. ಟ್ರಾಮಿನಲ್ಲಿ ಕುಳಿತು ಜರ್ಮನ್ ಭಾಷೆಯಲ್ಲಿ ಕ್ಷಮಾಪಣೆ ಬಾಯಿಪಾಠ ಮಾಡಿದ್ದೆ, ಬಾಗಿಲು ತೆರೆದಾಗ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಪ್ರೊಫೆಸರ್ ಮಂಚದ ಮೇಲೆ ಬೋರಲು ಮಲಗಿದ್ದರು. ಅರ್ಜಿಯನ್ನು ದಿಂಬಿನ ಮೇಲಿಟ್ಟೆ.

"ನನ್ನನ್ನು ಯಾಕೆ ಬೀಳಿಸಿದಿರಿ?"

"ಬೀಳಿಸಲಿಲ್ಲ ಸರ್. ನಾನು ಬಿದ್ದೆ. ನೀವು ಜೊತೆ ಕೊಟ್ಟಿರಿ."

ಕತೆ ಮುಗಿಯಿತು, ಇನ್ನು ವಿಮಾನದ ಟಿಕೆಟ್ಟೇ ಎಂದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಕ್ಯಾಮೆರಾ ತಂದು ನನಗೆ ಆ ಚಿತ್ರ ತೋರಿಸಿದರು: ಪ್ರೊಫೆಸರ್ ಉದ್ದಕ್ಕೂ ನೆಲಕ್ಕಂಟಿ, ಕೈ ಮುಗಿದು ಮಲಗಿರುವುದು.

"ಮದುವೆಯಲ್ಲಿ ನನ್ನ ಅಮ್ಮನ ಮುಂದೆ ತಲೆಬಾಗಿ ಎಂದರೆ ಇವರು ಕತ್ತೂ ಅಲ್ಲಾಡಿಸಿರಲಿಲ್ಲ" ಎಂದರು ಆಕೆ. "ನಿನ್ನೆ ಇದನ್ನು ಅಮ್ಮನಿಗೆ ಕಳಿಸಿದೆ. 'ಅಳಿಯನಿಗೆ ಕೊನೆಗೂ ಬುದ್ಧಿ ಬಂತು' ಎಂದು ಫೋನಿನಲ್ಲಿ ಅತ್ತರು. ಈ ಹುಡುಗನ ಕಾಗದಕ್ಕೆ ಸಹಿ ಹಾಕಿ."

ಪ್ರೊಫೆಸರ್ ಬೋರಲಾಗಿಯೇ ಸಹಿ ಹಾಕಿದರು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಗುರುಗಳ ಕಾಲಿಗೆ ಬೀಳೋಣವೆಂದು ಮಂಚದ ಪಕ್ಕ ಬಗ್ಗಿದೆ.

"ನಿಲ್ಲಿ! ಬಗ್ಗಬೇಡಿ!" ಪ್ರೊಫೆಸರ್ ದಿಂಬಿನೊಳಗಿಂದ ಕಿರುಚಿದರು. "ಇನ್ನೊಮ್ಮೆ ಜೊತೆ ಕೊಡಲು ನನ್ನಿಂದಾಗದು. ಕ್ಯಾಮೆರಾ ಇನ್ನೂ ಅವಳ ಕೈಯಲ್ಲಿದೆ. ನನ್ನ ಮಾವನೂ ಬದುಕಿದ್ದಾನೆ!"