ವಾರಂಟಿ ಐತಿ, ಆದ್ರ ನಿಮಗಿಲ್ಲ

ಅರ್ಜಿ ಬರೆಯುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಆಟೋ ಹತ್ತಿ ಬಂದು, ಎದುರಿನ ಬೆಂಚಿನ ಮೇಲೆ ಕೂತು, “ಸಾಹೇಬ್ರ, ಒಂದು ದರಖಾಸ್ತು ಬರೀರಿ” ಅನ್ನುತ್ತದೆ.

ನಾನು ನಾರಾಯಣಪೇಟೆಯ ತಹಸೀಲ್ ಕಚೇರಿ ಎದುರು ಬೇವಿನ ಗಿಡದ ನೆರಳಲ್ಲಿ ಮೇಜು ಹಾಕಿಕೊಂಡು ಕೂತವನು. ಮನೆಯಲ್ಲಿ ಕನ್ನಡ, ಕಾಗದದಲ್ಲಿ ತೆಲುಗು, ಸಹಿ ಮಾತ್ರ ಇಂಗ್ಲಿಷಿನಲ್ಲಿ. ಮೊದಲೆಲ್ಲ ಪಹಣಿ, ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಇಷ್ಟೇ ನನ್ನ ಕಸುಬು. ತೆಲಂಗಾಣ ಬೇರೆ ರಾಜ್ಯವಾಗಿ ಬಂದ ಮೇಲೆ ನಮ್ಮ ಜನಕ್ಕೆ ಒಂದು ಹುರುಪು ಬಂತು. ರಾಜ್ಯವನ್ನೇ ಕೇಳಿ ಪಡೆದವರು ಒಂದು ಮೊಬೈಲ್ ಕಂಪನಿಯನ್ನು ಕೇಳಲಾರರೇ? ವಾರಂಟಿ ಇದ್ದೂ “ರಿಪೇರಿ ಮಾಡಂಗಿಲ್ಲ” ಅನ್ನಿಸಿಕೊಂಡವರೆಲ್ಲ ನನ್ನ ಬೆಂಚಿಗೆ ಬರತೊಡಗಿದರು.

೧. ಒಳಗೆ ನೀರು

ಉಟ್ಕೂರ್ ಕಡೆಯ ಕುರಿಗಾರನೊಬ್ಬ ಬಂದ. ಮೂರು ತಿಂಗಳ ಫೋನು, ಚಾರ್ಜ್ ಆಗುವುದು ನಿಂತಿತ್ತು. ಮಹಬೂಬ್‌ನಗರದ ಸರ್ವಿಸ್ ಸೆಂಟರಿನವರು ಹೊರಗಿನಿಂದಲೇ ನೋಡಿ, “ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ” ಎಂದು ಕಳಿಸಿದ್ದರು.

“ಹಂಗಂತ ಬರದು ಕೊಟ್ರೇನು?” ಅಂದೆ.

“ಇಲ್ರಿ. ಬಾಯಿಲೇ ಅಂದ್ರು.”

“ಬಾಯಿಮಾತು ನಡಿಯಂಗಿಲ್ಲ. ಯಾಕ ಆಗಂಗಿಲ್ಲ ಅಂತ ಬರದು ಕೊಡಾಕ ಹೇಳು. ನಾನೂ ಬರ್ತೀನಿ ನಡಿ.”

ನನಗೂ ಅವತ್ತು ಮಹಬೂಬ್‌ನಗರದಲ್ಲಿ ಕೆಲಸವಿತ್ತು, ಇಬ್ಬರೂ ಬಸ್ಸು ಹತ್ತಿದೆವು. ಕೌಂಟರಿನ ಹುಡುಗಿ ಮತ್ತೆ ಅದೇ ರಾಗ ತೆಗೆದಳು, “ಒಳಗೆ ನೀರಿದೆ.” ಕುರಿಗಾರ ಎರಡೂ ಕೈ ಮುಗಿದ. “ತಾಯಿ, ನಮ್ಮೂರಾಗ ಮೂರು ಬೋರ್ ಕೊರಸೀವಿ, ಬರೇ ಧೂಳು ಬಂತು. ನೀರು ಎಷ್ಟು ಫೂಟಿಗೆ ಐತಿ ಹೇಳ್ರಿ, ಇದರಾಗ ಮೋಟರ್ ಇಳಸ್ತೀವಿ.”

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಬರೆದು ಕೊಡಿ ಎಂದು ನಾನು ಪಟ್ಟು ಹಿಡಿದೆ. ಬರೆಯಬೇಕಾದರೆ ನೋಡಬೇಕು, ಆಗ ಮೊದಲ ಸಲ ಮೆಕ್ಯಾನಿಕ್ ದೀಪ ಹಿಡಿದು ನೋಡಿದ. ಚಾರ್ಜರ್ ಚುಚ್ಚುವ ತೂತಿನಿಂದ ಸೂಜಿಯಲ್ಲಿ ಎಳೆದ. ಬಂದದ್ದು ನೀರಲ್ಲ, ಒಂದು ಚಿಟಿಕೆ ಕುರಿ ಉಣ್ಣೆ. ಫೋನು ಚಾರ್ಜ್ ಆಗತೊಡಗಿತು.

ನಾನು ಖುಷಿಯಾಗಿ ತಿರುಗಿ ನೋಡಿದರೆ ಕುರಿಗಾರನ ಮುಖ ಕೆಂಪಾಗಿದೆ. “ಬಿಳೇ ಉಣ್ಣಿ! ನನ್ನ ಕುರಿ ಎಲ್ಲಾ ಕರೇವು. ಬಿಳೇವು ನಮ್ಮ ತಮ್ಮನವು. ನಾ ಇಲ್ಲದಾಗ ನನ್ನ ಫೋನ್ ಮುಟ್ಯಾನ ನೋಡ್ರಿ ಕಳ್ಳ!”

೨. ಜೋಪಾನ

ಮಕ್ತಲ್‌ನ ನಿವೃತ್ತ ಮೇಷ್ಟ್ರು ಬಹಳ ಶಿಸ್ತಿನ ಮನುಷ್ಯ. ಒಂದು ದಿನ ಬಂದವರೇ ಚೀಲದಿಂದ ಪ್ಲಾಸ್ಟಿಕ್ ಹಾಕಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಇದ್ದಿಲಿನಂತೆ ಕಪ್ಪಗಿತ್ತು.

“ಏನ್ರಿ ಮೇಷ್ಟ್ರ, ಎಕ್ಸ್‌ರೇ?”

“ಅಲ್ರಿ. ಫೋನಿನ ಬಿಲ್ಲು. ಇಂಥಾ ಬಿಲ್ಲಿನ ಅಕ್ಷರ ಬಲು ಲಗೂ ಅಳಸತಾವ ಅಂತ ಕೊಂಡ ದಿನಾನೇ ಲ್ಯಾಮಿನೇಶನ್ ಮಾಡಿಸಿದೆ.”

ಆ ನುಣುಪು ಕಾಗದಕ್ಕೆ ಲ್ಯಾಮಿನೇಶನ್ ಯಂತ್ರದ ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಸರ್ವಿಸ್ ಸೆಂಟರಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ, “ಬಿಲ್ಲಿಲ್ಲದಿದ್ದರೆ ವಾರಂಟಿ ಇಲ್ಲ” ಎಂದು ಕೈ ತೊಳೆದುಕೊಂಡಿದ್ದರು. ಸ್ಪೀಕರು ಕೆಟ್ಟ ಫೋನಿನಲ್ಲಿ ಮೇಷ್ಟ್ರಿಗೆ ಮೊಮ್ಮಗಳ ದನಿಯೇ ಕೇಳುತ್ತಿರಲಿಲ್ಲ.

“ಫೋನಿನ ಡಬ್ಬಿ ಐತೇನ್ರಿ?” ಅಂದೆ. ಇತ್ತು, ಅದನ್ನೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಡಬ್ಬಿಯ ಮೇಲಿನ ನಂಬರು ಹಾಕಿ ಅಂಗಡಿಯವನಿಗೆ ಒಂದು ಕಾಗದ ಬರೆದೆ: ನಿಮ್ಮ ಕಂಪ್ಯೂಟರಿನಲ್ಲಿ ಈ ಬಿಲ್ಲು ಇದೆ, ಇನ್ನೊಂದು ಪ್ರತಿ ಕೊಡುವುದು. ಅಂಗಡಿಯವನು ಒಳ್ಳೆಯವನು, ನಿಂತ ನಿಲುವಿನಲ್ಲೇ ಕೊಟ್ಟ. ಸ್ಪೀಕರೂ ಬದಲಾಯಿತು.

ಆ ಸಂಜೆಯೇ ಮೇಷ್ಟ್ರ ಫೋನು. ದನಿಯಲ್ಲಿ ಹಿಗ್ಗು. “ಭಾಳ ಉಪಕಾರ ಆತ್ರಿ. ಮೊಮ್ಮಗಳ ಜೋಡಿ ಮಾತಾಡಿದೆ.”

“ಚಲೋ ಆತ್ರಿ. ಹೊಸಾ ಬಿಲ್ಲು ಜೋಪಾನ.”

“ಅದಕ್ಕ ಈಗ ಲ್ಯಾಮಿನೇಶನ್ ಅಂಗಡ್ಯಾಗ ನಿಂತೀನ್ರಿ. ಹೋದ ಸಲದಂವಗ ಕೆಲಸಾ ಬರ್ತಿರಲಿಲ್ಲ, ಈ ಸಲ ಬ್ಯಾರೇ ಅಂಗಡಿಗೆ ಬಂದೀನಿ!”

೩. ಎದ್ದು ಹೋದ ಜಿಲ್ಲಾ

ಗದ್ವಾಲ್ ಕಡೆಯ ಇಟಿಕ್ಯಾಲ ನನ್ನ ಮಾವನ ಊರು. ಮಾವ ಫೋನು ಕೊಂಡಾಗ ಅದು ಮಹಬೂಬ್‌ನಗರ ಜಿಲ್ಲೆ. ಫೋನು ಕೆಡುವ ಹೊತ್ತಿಗೆ ಸರಕಾರ ಜಿಲ್ಲೆಗಳನ್ನು ಒಡೆದು ಗದ್ವಾಲ್ ಬೇರೆ ಜಿಲ್ಲೆಯಾಗಿತ್ತು. ಬಿಲ್ಲಿನಲ್ಲಿ ಒಂದು ಜಿಲ್ಲೆ, ಮಾವ ಹೇಳುವುದು ಇನ್ನೊಂದು. ಕಂಪನಿಯವರು ರಿಪೇರಿಗೆ ಹೆಸರು ಬರೆದುಕೊಳ್ಳಲು ಒಪ್ಪಲಿಲ್ಲ. ನಾನು ನನ್ನ ಫೋನಿನಿಂದ ಕಸ್ಟಮರ್ ಕೇರ್‌ಗೆ ಹಚ್ಚಿ, ಸ್ಪೀಕರ್ ಹಾಕಿ ಮಾವನ ಕೈಗೆ ಕೊಟ್ಟೆ.

“ಸಾರ್, ತಾವು ಬೇರೆ ಜಿಲ್ಲೆಗೆ ಮನೆ ಬದಲಾಯಿಸಿದ್ದೀರಾ?” ಅಂದಳು ಅತ್ತ ಕಡೆಯ ಹುಡುಗಿ.

“ಇಲ್ಲವ್ವಾ. ನಾ ನಮ್ಮ ಕಟ್ಟಿ ಮ್ಯಾಲೇ ಕೂತೀನಿ. ಜಿಲ್ಲಾನೇ ಎದ್ದು ಹೋತು.”

ಹುಡುಗಿ ತುಸು ಯೋಚಿಸಿದಳು. “ಹಾಗಾದರೆ ಸಾರ್, ದಯವಿಟ್ಟು ಹಳೇ ಜಿಲ್ಲೆಗೆ ವಾಪಸ್ ಹೋಗಿ ಅಲ್ಲಿಂದ ಕಾಲ್ ಮಾಡ್ತೀರಾ?”

ಆಮೇಲೆ ನಾನು ಜಿಲ್ಲೆ ಒಡೆದ ಸರಕಾರಿ ಹುಕುಮಿನ ಪ್ರತಿ ಲಗತ್ತಿಸಿ ಕಂಪನಿಗೆ ರಿಜಿಸ್ಟರ್ ಪೋಸ್ಟ್ ಹಾಕಿದೆ, ಫೋನು ರಿಪೇರಿಯಾಗಿ ಮನೆಗೇ ಬಂತು. ಆದರೆ ಅವತ್ತು ಮಾವ ಆ ಹುಡುಗಿಗೆ ಒಂದಿಷ್ಟೂ ಸಿಟ್ಟಾಗದೆ ಉತ್ತರ ಕೊಟ್ಟರು: “ಆತವ್ವಾ, ಹೋಗ್ತೀನಿ. ಆದ್ರ ಊರಿನವರೆಲ್ಲಾ ಕೂಡೇ ಬರಬೇಕಾಗ್ತೈತಿ. ಕೇಳಿ ಹೇಳ್ತೀನಿ.”

೪. ಕೈಗುಣ

ಇನ್ನು ನಮ್ಮ ಓಣಿಯ ಅಕ್ಕನ ಸಂಗತಿ. ನಾರಾಯಣಪೇಟೆ ಸೀರೆ ನೇಯುವವಳು. ಗಂಡ ತೀರಿದ ಮೇಲೆ ಮಗ್ಗವನ್ನೂ ವ್ಯಾಪಾರವನ್ನೂ ಒಬ್ಬಳೇ ಹಿಡಿದಳು. ಸೀರೆ ಮಗ್ಗದಿಂದ ಇಳಿದ ಕೂಡಲೇ ಫೋಟೋ ತೆಗೆದು ಸೊಲ್ಲಾಪುರ, ಪುಣೆಯ ಗಿರಾಕಿಗಳಿಗೆ ಕಳಿಸುತ್ತಿದ್ದಳು. ಮಧ್ಯದಲ್ಲಿ ದಲಾಲಿ ಇಲ್ಲ. ಆ ಫೋನೇ ಅವಳ ಅಂಗಡಿ.

ಐದನೇ ತಿಂಗಳಿಗೆ ಅಂಗಡಿ ಬಾಗಿಲು ಹಾಕಿತು. ಫೋನು ಇದ್ದಕ್ಕಿದ್ದಂತೆ ಕಪ್ಪಾಗುವುದು, ಏನು ಮಾಡಿದರೂ ಏಳದಿರುವುದು. ಮುಂದೆ ಮದುವೆಯ ಸುಗ್ಗಿ. ಸರ್ವಿಸ್ ಸೆಂಟರಿನವರು ವಾರ ಇಟ್ಟುಕೊಂಡು, “ನೀವು ಕೆಳಗೆ ಬೀಳಿಸಿದ್ದೀರಿ, ವಾರಂಟಿ ಇಲ್ಲ” ಎಂದು ಬರೆದು ವಾಪಸ್ ಕೊಟ್ಟರು.

ಫೋನಿನ ಮೇಲೆ ಒಂದು ಗೀರಿಲ್ಲ. ಸೀರೆಯ ಅಂಚಿನ ತುಂಡಿನಲ್ಲಿ ಚೀಲ ಹೊಲಿದು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡಿದ್ದಳು. “ನನ್ನ ಮಕ್ಕಳನ್ನ ಬೀಳಸೇನಿ ತಮ್ಮಾ, ಇದನ್ನ ಬೀಳಸಿಲ್ಲ,” ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ತುಂಬಿದ್ದವು.

ಅಂಗಡಿ, ಸರ್ವಿಸ್ ಸೆಂಟರು, ಕಂಪನಿ, ಮೂವರಿಗೂ ನೋಟಿಸು ಬರೆದೆ. ಮೂವರೂ ಉತ್ತರ ಕೊಡಲಿಲ್ಲ. ಮಹಬೂಬ್‌ನಗರದ ಗ್ರಾಹಕರ ಕೋರ್ಟಿಗೆ ದೂರು ಹಾಕಿದೆವು.

“ವಕೀಲ್ ಬ್ಯಾಡೇನು?” ಅಂದಳು.

“ಇಲ್ಲಿ ನಿನ್ನ ಮಾತು ನೀನೇ ಆಡಬಹುದು.”

“ನಂಗ ಕೋರ್ಟಿನ ಮಾತು ಬರಂಗಿಲ್ಲಲ್ಲೋ.”

“ಸೀರಿ ಕೊಳ್ಳಾಕ ಬಂದವರ ಜೋಡಿ ಮಾತಾಡ್ತಿಯಲ್ಲ, ಹಂಗ ಮಾತಾಡು ಸಾಕು.”

ಕಂಪನಿಯ ಪರವಾಗಿ ಹೈದರಾಬಾದಿನಿಂದ ಕರಿಕೋಟಿನ ವಕೀಲರು ಬಂದಿದ್ದರು. ಫೋನು ಬಿದ್ದು ಒಳಗಿನ ಬೋರ್ಡು ಕೆಟ್ಟಿದೆ ಎಂದು ವಾದ ಹೂಡಿದರು. ತೀರ್ಪು ಕೊಡಲು ಕೂತ ಕೋರ್ಟಿನ ಅಧ್ಯಕ್ಷರು ಕೇಳಿದರು, “ಹೊರಗೆ ಒಂದು ಗೀರೂ ಕಾಣುವುದಿಲ್ಲವಲ್ಲ?”

“ಸ್ವಾಮಿ, ಇದು ಬಹಳ ನುಣುಪಾದ ಮಾಡೆಲ್ಲು. ಜೋಕೆಯಾಗಿ ಹಿಡಿಯದಿದ್ದರೆ ಹೀಗೆ...” ಎಂದು ವಕೀಲರು ಫೋನು ಎತ್ತಿ ತೋರಿಸಹೋದರು. ಅದು ಜಾರಿತು. ಮೇಜಿನ ಅಂಚಿಗೆ ಬಡಿದು, ನೆಲಕ್ಕೆ ಬಿದ್ದು, ಬೆಂಚಿನ ಕೆಳಗೆ ಹೋಯಿತು.

ಅಕ್ಕ ಬಗ್ಗಿ ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು, ಗುಂಡಿ ಒತ್ತಿದಳು. ಎರಡು ತಿಂಗಳಿಂದ ಸತ್ತು ಮಲಗಿದ್ದ ಫೋನು ಟಿಣಿಟಿಣಿ ಅಂತ ಹಾಡಿ ಎದ್ದಿತು!

ವಕೀಲರ ಮುಖ ಅರಳಿತು. “ನೋಡಿ ಸ್ವಾಮಿ, ಫೋನು ನಡೆಯುತ್ತಿದೆ. ದೂರಿಗೆ ಕಾರಣವೇ ಇಲ್ಲ, ವಜಾ ಮಾಡಬೇಕು!”

ಅಷ್ಟರಲ್ಲಿ ಅಕ್ಕನ ಕೈಯಲ್ಲಿ ಫೋನು ಮತ್ತೆ ಕಪ್ಪಾಯಿತು. ಅವಳು ಗಾಬರಿಯಾಗಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ವಕೀಲರ ಎದುರು ಬಹಳ ಮರ್ಯಾದೆಯಿಂದ ಫೋನು ಚಾಚಿದಳು. “ವಕೀಲ್ ಸಾಬ್, ಮತ್ತ ನಿಂತೈತ್ರಿ. ನಿಮ್ಮ ಕೈಗುಣ ಚಲೋ ಐತಿ, ಇನ್ನೊಮ್ಮಿ ಬೀಳಸ್ರಿ.”

ಅಧ್ಯಕ್ಷರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಫೈಲು ಅಲುಗಾಡುತ್ತಿತ್ತು. ಕೊನೆಗೆ ವಕೀಲರೇ ನಕ್ಕುಬಿಟ್ಟರು, ಹೊರಗೆ ಹೋಗಿ ಕಂಪನಿಗೆ ಫೋನು ಮಾಡಿದರು. ಮುಂದಿನ ತಾರೀಖಿಗೆ ಸೀಲು ಒಡೆಯದ ಹೊಸ ಫೋನು ತಂದು, ಎರಡೂ ಕೈಯಿಂದ ಹಿಡಿದು ಮೇಜಿನ ಮೇಲಿಟ್ಟರು.

ಅಕ್ಕ ಅಲ್ಲೇ ಅದನ್ನು ತೆರೆದು, ಉಟ್ಟ ಸೀರೆಯ ಸೆರಗಿನ ಫೋಟೋ ತೆಗೆದು ನೋಡಿದಳು. ವಕೀಲರೂ ಇಣುಕಿದರು. “ಚೆನ್ನಾಗಿದೆ ಅಮ್ಮಾ. ನಮ್ಮ ಮನೆಯವರಿಗೂ ಇಂಥದ್ದೊಂದು ನೇಯ್ದು ಕೊಡುತ್ತೀರಾ?”

“ಅದಕ್ಕೇನ್ರಿ, ಕೊಡ್ತೀನಿ,” ಅಂದಳು ಅಕ್ಕ. “ಬಣ್ಣ ಹೋದ್ರ ವಾಪಸ್ ತರ್ರಿ, ಬದಲಿ ಕೊಡ್ತೀನಿ. ‘ನೀವು ಉಟ್ಟೀರಿ, ಅದಕ್ಕ ಕೆಟ್ಟೈತಿ’ ಅಂತ ನಾವು ಅನ್ನಂಗಿಲ್ಲ.”